ಬಿಳಿ ಗೋಡೆ

ತೈಲವರ್ಣ ಕಲಿಯುವವರು ಹಳೆಯ ಚಿತ್ರಗಳನ್ನು ನಕಲು ಮಾಡುವುದುಂಟು. ಡಚ್ ಕಲಾವಿದ ವರ್ಮೀರ್ 1660ರ ಸುಮಾರಿಗೆ ಬರೆದ ಅಡುಗೆಮನೆಯ ಚಿತ್ರವನ್ನೇ ತೆಗೆದುಕೊಳ್ಳಿ. ಕೆಲಸದಾಕೆ ಹಾಲು ಸುರಿಯುತ್ತಿದ್ದಾಳೆ. ಮೇಜಿನ ಮೇಲೆ ಬ್ರೆಡ್ಡು, ಎಡಕ್ಕೆ ಕಿಟಕಿ.

ಹೊಸಬರಿಗೆ ಬ್ರೆಡ್ಡೇ ಕಷ್ಟ ಅನ್ನಿಸುತ್ತದೆ. ನಿಜಕ್ಕೂ ಸತಾಯಿಸುವುದು ಹಿಂದಿನ ಬಿಳಿ ಗೋಡೆ! ಕುಂಚ ಹಿಡಿದಾಗಲೇ ಗೊತ್ತಾಗುವುದು, ಅದು ಬರೀ ಬಿಳಿಯಲ್ಲ. ಕಿಟಕಿಯ ಕೆಳಗೆ ನೆರಳಿನ ಬೂದು, ಬಲಕ್ಕೆ ಹೋದಂತೆ ಬೆಳಕು. ಮೇಲೊಂದು ಮೊಳೆ, ಮೊಳೆ ಕಿತ್ತ ತೂತು. ಅವನ್ನೂ ಬಿಡುವಂತಿಲ್ಲ. ಎಣ್ಣೆಬಣ್ಣ ಬೇಗ ಒಣಗದು. ಅವಸರಪಟ್ಟರೆ ಎಲ್ಲ ಕಲಸಿಹೋಗುತ್ತದೆ.

ಆ ಗೋಡೆಯ ಮೇಲೆ ವರ್ಮೀರ್ ಮೊದಲು ಹೂಜಿ ತೂಗುಹಾಕುವ ಹಲಗೆ ಬರೆದಿದ್ದನಂತೆ. ಆಮೇಲೆ ಬಣ್ಣದಿಂದ ಮುಚ್ಚಿಬಿಟ್ಟ. 2022ರಲ್ಲಿ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂ ಇದನ್ನು ತಿಳಿಸಿತು. ಹಲಗೆ ಬೇಡವೆಂದು ಅವನಿಗೆ ಯಾಕೆ ಅನ್ನಿಸಿತು? ಅಷ್ಟು ಹೊತ್ತು ಆ ಗೋಡೆಯನ್ನೇ ದಿಟ್ಟಿಸಿದವರು ಬಹುಶಃ ಊಹಿಸಬಲ್ಲರು.