ಏಳು ಸಮುದ್ರದಾಚೆಯ ಗಿಳಿ

ದಾಬೋಲಿಮ್, ಚಿಕಾಲಿಮ್, ವಾಸ್ಕೋ ಕಡೆಯ ಕನ್ನಡ ಮನೆಗಳಲ್ಲಿ ಹೈಸ್ಕೂಲು, ಕಾಲೇಜು ಓದುವ ಮಕ್ಕಳ ಕೈಯಲ್ಲಿ ಇಟ್ಟಿಗೆಯಷ್ಟು ದಪ್ಪನೆಯ ಇಂಗ್ಲಿಷ್ ಕಾದಂಬರಿಗಳನ್ನು ನೀವು ನೋಡಿರಬಹುದು. ಪುಸ್ತಕ ತೆರೆದರೆ ಮೊದಲಿಗೇ ಒಂದು ನಕಾಶೆ. ಅದರಲ್ಲಿ ಬೆಟ್ಟ, ನದಿ, ಕೋಟೆ, ದಟ್ಟಡವಿ ಎಲ್ಲ ಇವೆ. ಆದರೆ ಅಂಥ ದೇಶ ಭೂಮಿಯ ಮೇಲೆಲ್ಲೂ ಇಲ್ಲ. ಪರೀಕ್ಷೆಗೆ ಬಾರದ ಈ ಪುಸ್ತಕ ಏಕೆಂದು ತಂದೆ ಗೊಣಗುತ್ತಾರೆ. ಮೂಲೆಯಲ್ಲಿ ಕುಳಿತ ಅಜ್ಜಿಗೆ ಅದು ಯಾವ ಸೀಮೆಯ ಪುಸ್ತಕವೋ ತಿಳಿಯದು. ಆದರೆ ಆ ಕಥೆ ಅಜ್ಜಿಗೆ ಮೊದಲೇ ಗೊತ್ತು. ಇವತ್ತು ನಿಮ್ಮೊಡನೆ ಆಡಬೇಕೆಂದಿರುವ ಮಾತು ಇದೇ.

ಈ ಬಗೆಯ ಕಾದಂಬರಿಗಳಿಗೆಲ್ಲ ಹಿರಿಯಣ್ಣನಂತಿರುವುದು ಟೋಲ್ಕಿನ್ ಬರೆದ 'ದಿ ಲಾರ್ಡ್ ಆಫ್ ದಿ ರಿಂಗ್ಸ್'. ಮೂರು ಸಂಪುಟಗಳಲ್ಲಿ 1954 ಮತ್ತು 1955ರಲ್ಲಿ ಹೊರಬಂತು. ಟೋಲ್ಕಿನ್ ಆಕ್ಸ್‌ಫರ್ಡಿನಲ್ಲಿ ಹಳೆಯ ಇಂಗ್ಲಿಷ್ ಕಲಿಸುತ್ತಿದ್ದ ಪ್ರಾಧ್ಯಾಪಕರು. 1916ರಲ್ಲಿ ಸೋಮ್ ನದಿಯ ದಂಡೆಯ ಯುದ್ಧಭೂಮಿಯನ್ನು ಕಣ್ಣಾರೆ ಕಂಡವರು. ಅವರ ಕಥೆಯಲ್ಲಿ ಸೌರಾನ್ ಎಂಬ ದುಷ್ಟನೊಬ್ಬ ತನ್ನ ಶಕ್ತಿಯ ಬಹುಪಾಲನ್ನು ಒಂದು ಉಂಗುರದಲ್ಲಿ ಅಡಗಿಸಿಟ್ಟಿದ್ದಾನೆ. ಉಂಗುರ ನಾಶವಾದರೆ ಅವನ ಆಟ ಮುಗಿಯಿತು. ಆಮೇಲೆ ಬಂದ ಹ್ಯಾರಿ ಪಾಟರ್ ಕಥೆಯ ಖಳನಾಯಕನೂ ತನ್ನ ಆತ್ಮವನ್ನು ತುಂಡು ಮಾಡಿ ಬೇರೆ ಬೇರೆ ವಸ್ತುಗಳಲ್ಲಿ ಬಚ್ಚಿಟ್ಟವನೇ.

ಈಗ ಅಜ್ಜಿಯ ಕಥೆ ನೆನಪು ಮಾಡಿಕೊಳ್ಳಿ. "ಆಯಿ, ಆ ರಾಕ್ಷಸನ ಜೀವ ಎಲ್ಲೈತಿ?" ಎಂದು ಕೇಳದ ಮಗು ಬಿಜಾಪುರ, ಗದಗ ಸೀಮೆಯಲ್ಲಿ ಇತ್ತೇ? ಏಳು ಸಮುದ್ರದಾಚೆ ಒಂದು ಗುಡ್ಡ, ಗುಡ್ಡದ ಮೇಲೆ ಮರ, ಮರದಲ್ಲಿ ಪಂಜರ, ಪಂಜರದಲ್ಲಿ ಗಿಳಿ. ಗಿಳಿಯ ಕತ್ತು ತಿರುವಿದರೆ ಇಲ್ಲಿ ರಾಕ್ಷಸ ಧೊಪ್ಪೆಂದು ಬೀಳುತ್ತಾನೆ. ಉಂಗುರಕ್ಕೂ ಗಿಳಿಗೂ ಇರುವ ಅಂತರ ಬಹಳವೇನಿಲ್ಲ. ಜೀವವನ್ನು ದೇಹದಿಂದ ಹೊರಗಿಡುವ ಈ ಕಥೆ ರಷ್ಯಾದಿಂದ ಬಂಗಾಳದವರೆಗೆ ಹಲವು ನಾಡುಗಳಲ್ಲಿದೆ. ಯಾರು ಯಾರಿಂದ ಕದ್ದರು ಎಂದು ಜಗಳವಾಡುವುದು ವ್ಯರ್ಥ.

ಇಂಥ ಕಥೆ ಏಕೆ ಹಿಡಿಸುತ್ತದೆ? ರಾಕ್ಷಸ ಸಾಯುತ್ತಾನೆಂದೇ? ಅದು ಮೊದಲೇ ಗೊತ್ತಿರುತ್ತದೆ. ಹಿಡಿಸುವುದು ದಾರಿ. ಭೀಮ ಸೌಗಂಧಿಕ ಪುಷ್ಪಕ್ಕಾಗಿ ಹೊರಟದ್ದನ್ನೇ ನೋಡಿ. ಹೂವು ಸಿಕ್ಕಿದ್ದು ನಮಗೆ ಅಷ್ಟಾಗಿ ನೆನಪಿರುವುದಿಲ್ಲ. ನೆನಪಿರುವುದು ದಾರಿಗೆ ಅಡ್ಡ ಮಲಗಿದ್ದ ಮುದಿ ಕೋತಿಯ ಬಾಲ. ಅದನ್ನು ಎತ್ತಲಾರದೆ ಭೀಮ ಬೆವರಿದ ಮೇಲೆಯೇ ತನ್ನೆದುರು ಇರುವವನು ಅಣ್ಣ ಹನುಮಂತನೆಂದು ತಿಳಿಯುವುದು. ದಾರಿ ಮನುಷ್ಯನನ್ನು ಸ್ವಲ್ಪ ತಗ್ಗಿಸುತ್ತದೆ, ಜೊತೆಗೆ ತನ್ನವರನ್ನು ತೋರಿಸಿಕೊಡುತ್ತದೆ. ಲೋಂಡಾ ದಾಟಿ, ದೂಧ್‌ಸಾಗರದ ಘಟ್ಟ ಇಳಿದು, ಗಂಟುಮೂಟೆಯೊಡನೆ ಈ ಕರಾವಳಿಗೆ ಕೆಲಸ ಹುಡುಕಿಕೊಂಡು ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆದರೂ ಟೋಲ್ಕಿನ್ನರ ಕಥೆ ಒಂದು ಕಡೆ ಅಜ್ಜಿಯ ಕಥೆಯಿಂದ ಬೇರೆಯಾಗುತ್ತದೆ. ನಮ್ಮ ರಾಜಕುಮಾರ ಏನನ್ನಾದರೂ ತರಲು ಹೋಗುತ್ತಾನೆ: ಹೂವು, ಸಂಜೀವಿನಿ, ಕನ್ಯೆ. ಟೋಲ್ಕಿನ್ನರ ಫ್ರೋಡೋ ಹೋಗುವುದು ಕೈಯಲ್ಲಿರುವುದನ್ನು ಬೆಂಕಿಗೆ ಎಸೆದು ಬರಲು. ಹಾಗೆಂದು ಎಸೆಯುವ ಕಥೆ ಕನ್ನಡಕ್ಕೆ ಹೊಸದೇನಲ್ಲ. ಅಣ್ಣ ಭರತನನ್ನು ಗೆದ್ದ ಗಳಿಗೆಯಲ್ಲೇ ರಾಜ್ಯವನ್ನು ಬಿಟ್ಟ ಬಾಹುಬಲಿಯನ್ನು ಪಂಪ 941ರಲ್ಲೇ 'ಆದಿಪುರಾಣ'ದಲ್ಲಿ ಹಾಡಿದ್ದಾನೆ. ಫ್ರೋಡೋ ಬಾಹುಬಲಿಯಷ್ಟು ದೊಡ್ಡವನಲ್ಲ. ಬೆಂಕಿಯ ಬಾಯಿಯವರೆಗೆ ಹೋಗಿ, ಉಂಗುರ ತನ್ನದೆಂದು ಹಟ ಹಿಡಿಯುತ್ತಾನೆ. ಆಸೆಬುರುಕ ಗೊಲ್ಲಮ್ ಅದನ್ನು ಬೆರಳಿನ ಸಮೇತ ಕಚ್ಚಿ ಕಿತ್ತುಕೊಂಡು, ಕಾಲು ಜಾರಿ ಬೆಂಕಿಗೆ ಬೀಳುವುದರಿಂದ ಲೋಕ ಉಳಿಯುತ್ತದೆ. ನಾಯಕ ಸೋತರೂ ಕೆಲಸ ಆಯಿತು. ಇಡೀ ಪುಸ್ತಕದಲ್ಲಿ ನನಗೆ ಅತ್ಯಂತ ನಿಜವೆನಿಸುವ ಜಾಗ ಇದು.

ಆಮೇಲೆ ಊರಿಗೆ ಹಿಂದಿರುಗುವ ಅಧ್ಯಾಯಗಳು ಬರುತ್ತವೆ. ಪೀಟರ್ ಜಾಕ್ಸನ್ 2001ರಿಂದ 2003ರವರೆಗೆ ತೆರೆಗೆ ತಂದ ಮೂರು ಚಿತ್ರಗಳಲ್ಲಿ ಇವುಗಳ ಮುಖ್ಯ ಭಾಗವನ್ನೇ ಕೈಬಿಟ್ಟರು. ಪುಸ್ತಕದಲ್ಲಿ, ಮರಳಿದವರು ನೋಡುವುದು ಕಡಿದುಬಿದ್ದ ಮರಗಳನ್ನು, ಹೊಗೆ ಕಾರುವ ಗಿರಣಿಯನ್ನು. ಊರನ್ನು ಮತ್ತೆ ಸರಿಪಡಿಸಿದರೂ ಫ್ರೋಡೋಗೆ ಅಲ್ಲಿ ನೆಲೆಯಿಲ್ಲ; ಗಾಯ ಮಾಯುವುದಿಲ್ಲ, ಕೊನೆಗೆ ಹಡಗು ಹತ್ತಿ ಹೋಗಿಬಿಡುತ್ತಾನೆ. ಜಾತ್ರೆಗೆಂದು ಹೋಗಿ, ತಾನಾಡಿದ ಅಂಗಳ ತನಗೆ ಚಿಕ್ಕದಾಗಿ ಕಂಡದ್ದನ್ನು ಬಲ್ಲವರು ನಮ್ಮಲ್ಲಿ ಎಷ್ಟಿಲ್ಲ? ಆಲಮಟ್ಟಿಯ ಹಿನ್ನೀರಿನಲ್ಲಿ ಊರನ್ನೇ ಕಳೆದುಕೊಂಡವರಿಗಂತೂ ಹಿಂದಿರುಗಲು ಅಂಗಳವೂ ಇಲ್ಲ. ಹೆತ್ತವರು ಆಡದ ಈ ಮಾತನ್ನು ಮಗು ಇಂಗ್ಲಿಷಿನಲ್ಲಿ ಓದುತ್ತ ಕುಳಿತಿರಬಹುದು.

ಇಂಥ ಪುಸ್ತಕಗಳೆಲ್ಲ ಒಳ್ಳೆಯವೆಂದು ನಾನು ಹೇಳುತ್ತಿಲ್ಲ. ಟೋಲ್ಕಿನ್ನರ ಹಿಂದೆ ಹೊರಟವರಲ್ಲಿ ಅನೇಕರ ಬಳಿ ನಕಾಶೆಯಿದೆ, ಕತ್ತಿಯಿದೆ, ಸಾವಿರ ಪುಟವಿದೆ, ದಾರಿಯೇ ಇಲ್ಲ. ಟೋಲ್ಕಿನ್ನರಲ್ಲೂ ಶತ್ರುಪಡೆಯವರೆಂದರೆ ಹುಟ್ಟಾ ಕೆಟ್ಟವರು ಎಂಬ ಸುಲಭದ ಲೆಕ್ಕವಿದೆ. ನಮ್ಮ ದೊಡ್ಡಾಟದಲ್ಲಿ ದುರ್ಯೋಧನನಿಗೂ ವೇಷವುಂಟು, ವಾದವುಂಟು, ಚಪ್ಪಾಳೆಯುಂಟು.

ನಿಮ್ಮ ಮನೆಯ ಹುಡುಗ ಅಥವಾ ಹುಡುಗಿ ಅಂಥ ಪುಸ್ತಕ ಹಿಡಿದಿದ್ದರೆ, ಕಸಿದುಕೊಳ್ಳಬೇಡಿ. ರಾತ್ರಿ ಊಟವಾದ ಮೇಲೆ ಅಜ್ಜಿಗೆ ಆ ಕಥೆಯನ್ನು ಕನ್ನಡದಲ್ಲಿ ಹೇಳಲು ಹೇಳಿ. ತಡವರಿಸಲಿ, ನಡುವೆ ಕೊಂಕಣಿ ಬೆರೆಯಲಿ, ಚಿಂತೆಯಿಲ್ಲ. ಉಂಗುರದ ಮಾತು ಬಂದೊಡನೆ ಅಜ್ಜಿ ಗಿಳಿಯ ಕಥೆ ತೆಗೆಯುತ್ತಾರೆ, ನೋಡುತ್ತಿರಿ. ಇಬ್ಬರೂ ಒಂದೇ ಸೂರಿನಡಿ ಇದ್ದು ಒಬ್ಬರ ಕಥೆ ಇನ್ನೊಬ್ಬರಿಗೆ ಕೇಳಿಸದೆ ಹೋದರೆ, ಅಜ್ಜಿಯ ಕಾಲಾನಂತರ ಆ ಗಿಳಿಯ ಗುಡ್ಡಕ್ಕೆ ದಾರಿ ತೋರಿಸುವವರು ಈ ಮನೆಯಲ್ಲಿ ಉಳಿಯುವುದಿಲ್ಲ.

ಕನ್ನಡ ಅಕ್ಷರ ಕೂಡಿಸಿ ಓದಬಲ್ಲ ಮಗುವಿಗೆ ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಕೊಡಿ. 1980ರ ಕಾದಂಬರಿ, ತೆಳ್ಳಗಿದೆ. ಕತ್ತಿಯಿಲ್ಲ, ಮಂತ್ರವಿಲ್ಲ. ಒಬ್ಬ ವಿಜ್ಞಾನಿ, ಜೇನು ಹಿಡಿಯುವ ಮಂದಣ್ಣ, ಬಿರಿಯಾನಿ ಕರಿಯಪ್ಪ, ಕಿವಿ ಎಂಬ ನಾಯಿ, ಇನ್ನೂ ಕೆಲವರು ಮಲೆನಾಡಿನ ಕಾಡಿಗೆ ಹೊರಡುತ್ತಾರೆ, ಹಾರುವ ಓತಿಯೊಂದನ್ನು ಹುಡುಕಿಕೊಂಡು. ಅಂಥ ಓತಿ ಬರಿಯ ಕಲ್ಪನೆಯಲ್ಲ. ಪಕ್ಕೆಲುಬುಗಳ ಮೇಲಿನ ತೊಗಲನ್ನು ಛತ್ರಿಯಂತೆ ಬಿಚ್ಚಿ ಮರದಿಂದ ಮರಕ್ಕೆ ತೇಲುವ ಅದು ನಮ್ಮ ಗೋವೆಯ ಘಟ್ಟದ ಕಾಡುಗಳಲ್ಲೂ ಇದೆ. ಕಥೆಯಲ್ಲಿ ಅದು ಕೈಗೆ ಸಿಕ್ಕಿತೇ ಎಂದು ಮಗು ಕೇಳಿದರೆ ಹೇಳಬೇಡಿ, ಓದಲಿ.