ಬಾಯಿ ಕಟ್ಟಲಾಗದ ಹಸಿವು



ದಪ್ಪಗಿರುವವರನ್ನು ಕಂಡರೆ ನಮ್ಮ ನಾಲಿಗೆಗೆ ಥಟ್ಟನೆ ಬರುವ ಮಾತು ‘ಸ್ವಲ್ಪ ಬಾಯಿ ಕಟ್ಟಬೇಕು’ ಎಂಬುದು. ಸಕ್ಕರೆ ಕಾಯಿಲೆ ಬಂದವರಿಗೂ ಅದೇ ಉಪದೇಶ. ಹಿತೈಷಿಗಳ ಈ ಮಾತಿನೊಳಗೆ ಒಂದು ತೀರ್ಪು ಅಡಗಿದೆ. ಹಸಿವು ಮನಸ್ಸಿನ ಅಧೀನ, ಅದನ್ನು ಹತೋಟಿಯಲ್ಲಿಡಲಾರದವರು ಬಾಯಿಚಪಲದವರು, ಹಾಗಾಗಿ ಬೊಜ್ಜು ಅವರೇ ಮಾಡಿಕೊಂಡದ್ದು ಎಂಬ ತೀರ್ಪು ಅದು. ಈ ತೀರ್ಪು ತಪ್ಪು ಎಂಬುದೇ ಇಂದಿನ ನನ್ನ ವಾದ. ಇದಕ್ಕೆ ಆಧಾರವಾಗಿ ಡಗ್ಲಸ್ ಕೋಲ್ಮನ್ ಎಂಬ ಜೀವರಸಾಯನ ವಿಜ್ಞಾನಿಯ ಸಂಶೋಧನೆಯನ್ನೂ ಅದರಿಂದ ಬೆಳೆದ ತಿಳಿವಳಿಕೆಯನ್ನೂ ನಿಮ್ಮ ಮುಂದಿಡುತ್ತೇನೆ. ವಾದಕ್ಕೆ ಎದುರಾಗುವ ಆಕ್ಷೇಪಗಳಿಗೂ ಉತ್ತರ ಕೊಡುತ್ತೇನೆ.

1931ರಲ್ಲಿ ಕೆನಡಾದ ಒಂಟಾರಿಯೊದಲ್ಲಿ ಹುಟ್ಟಿದ ಕೋಲ್ಮನ್, 1958ರಲ್ಲಿ ಅಮೆರಿಕದ ಮೇನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿರುವ ಜಾಕ್ಸನ್ ಪ್ರಯೋಗಾಲಯ ಸೇರಿದರು. ಇಲಿಗಳ ತಳಿಶಾಸ್ತ್ರಕ್ಕೆ ಹೆಸರಾದ ಆ ಸಂಸ್ಥೆಯಲ್ಲಿ 1949ರಲ್ಲೇ ಒಂದು ವಿಚಿತ್ರ ಇಲಿ ಕಾಣಿಸಿಕೊಂಡಿತ್ತು. ಎಷ್ಟು ತಿಂದರೂ ಅದರ ಹಸಿವು ತೀರುತ್ತಿರಲಿಲ್ಲ; ಮೈತೂಕ ಸಾಮಾನ್ಯ ಇಲಿಯ ಮೂರರಷ್ಟಾಗುತ್ತಿತ್ತು. ಒಂದೇ ಒಂದು ಜೀನಿನ ದೋಷದಿಂದ ಹೀಗಾಗುತ್ತಿತ್ತು; ಆ ತಳಿಗೆ ‘ಓಬಿ’ ಎಂದು ಹೆಸರಿಟ್ಟರು. 1960ರ ದಶಕದಲ್ಲಿ ಅಷ್ಟೇ ದಪ್ಪನೆಯ, ಜೊತೆಗೆ ತೀವ್ರ ಮಧುಮೇಹವೂ ಇದ್ದ ಮತ್ತೊಂದು ಇಲಿ ಸಿಕ್ಕಿತು. ಅದು ‘ಡಿಬಿ’. ಇದರ ದೋಷ ಬೇರೊಂದು ಜೀನಿನಲ್ಲಿತ್ತು. ನೋಡಲು ಅವಳಿಗಳಂತಿದ್ದ ಈ ಎರಡು ತಳಿಗಳ ಒಳಗಿನ ವ್ಯತ್ಯಾಸ ಏನೆಂಬುದೇ ಕೋಲ್ಮನ್‌ರನ್ನು ಕಾಡಿದ ಪ್ರಶ್ನೆ.

ಉತ್ತರಕ್ಕಾಗಿ ಅವರು ಎರಡು ಇಲಿಗಳ ಮೈಯನ್ನು ಶಸ್ತ್ರಕ್ರಿಯೆಯಿಂದ ಜೋಡಿಸಿ, ಒಂದರ ರಕ್ತ ಇನ್ನೊಂದಕ್ಕೆ ಹರಿಯುವಂತೆ ಮಾಡಿದರು. ಡಿಬಿ ಇಲಿಯ ಜೊತೆ ಕೂಡಿಸಿದ ಸಾಮಾನ್ಯ ಇಲಿ ಕಣ್ಣೆದುರಿಗಿದ್ದ ಆಹಾರವನ್ನು ಮುಟ್ಟದೆ ಉಪವಾಸ ಸತ್ತಿತು. ಡಿಬಿ ಇಲಿ ಮಾತ್ರ ತಿನ್ನುತ್ತಲೇ ಹೋಯಿತು. ಓಬಿ ಇಲಿಯನ್ನು ಡಿಬಿ ಇಲಿಗೆ ಜೋಡಿಸಿದಾಗ ಹೊಟ್ಟೆಬಾಕ ಓಬಿಯೂ ಊಟ ಬಿಟ್ಟು ಸೊರಗಿತು. ಅದೇ ಓಬಿಯನ್ನು ಸಾಮಾನ್ಯ ಇಲಿಗೆ ಜೋಡಿಸಿದರೆ ಅದರ ತಿನ್ನುವಿಕೆ ಇಳಿಯಿತು, ತೂಕದ ಏರಿಕೆ ತಗ್ಗಿತು. ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದೇ ತೀರ್ಮಾನ ಉಳಿಯುತ್ತದೆ. ‘ಸಾಕು’ ಎಂದು ಮಿದುಳಿಗೆ ತಿಳಿಸುವ ವಸ್ತುವೊಂದು ರಕ್ತದಲ್ಲಿ ಹರಿಯುತ್ತದೆ. ಓಬಿ ಇಲಿಗೆ ಅದನ್ನು ತಯಾರಿಸಲು ಬರುವುದಿಲ್ಲ, ಆದರೆ ಬೇರೆಡೆಯಿಂದ ಬಂದರೆ ಗ್ರಹಿಸಬಲ್ಲದು. ಡಿಬಿ ಇಲಿ ಅದನ್ನು ಧಾರಾಳವಾಗಿ ತಯಾರಿಸುತ್ತದೆ, ಆದರೆ ಗ್ರಹಿಸಲಾರದು. ಒಂದು ಮೂಕ, ಇನ್ನೊಂದು ಕಿವುಡು. ಈ ಮಾತನ್ನು ಆಗ ಹಲವರು ನಂಬಲಿಲ್ಲ. ಕೋಲ್ಮನ್‌ಗೂ ಆ ವಸ್ತುವನ್ನು ಬೇರ್ಪಡಿಸಿ ಕೈಯಲ್ಲಿ ಹಿಡಿದು ತೋರಿಸಲಾಗಲಿಲ್ಲ.

ಅದನ್ನು ತೋರಿಸಿದವರು ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ಮತ್ತು ಸಂಗಡಿಗರು. ಹಲವು ವರ್ಷಗಳ ಹುಡುಕಾಟದ ಬಳಿಕ 1994ರಲ್ಲಿ ಅವರಿಗೆ ಓಬಿ ಜೀನು ಸಿಕ್ಕಿತು. ಅದು ತಯಾರಿಸುವ ಪ್ರೋಟೀನಿಗೆ, ಗ್ರೀಕ್ ಭಾಷೆಯಲ್ಲಿ ‘ತೆಳು’ ಎಂಬ ಅರ್ಥದ ಪದದಿಂದ, ಲೆಪ್ಟಿನ್ ಎಂದು ಹೆಸರಿಟ್ಟರು. ಲೆಪ್ಟಿನ್ ಹುಟ್ಟುವುದು ಕೊಬ್ಬಿನ ಜೀವಕೋಶಗಳಲ್ಲೇ. ಬರೀ ಎಣ್ಣೆಯ ಗೋದಾಮು ಎಂದುಕೊಂಡಿದ್ದ ಕೊಬ್ಬು ತನ್ನ ದಾಸ್ತಾನಿನ ಲೆಕ್ಕವನ್ನು ಮಿದುಳಿನ ಹೈಪೊಥಲಾಮಸ್‌ಗೆ ಸದಾ ಒಪ್ಪಿಸುತ್ತಿರುವ ಗ್ರಂಥಿ ಎಂಬುದು ಹೀಗೆ ಗೊತ್ತಾಯಿತು. ಮುಂದೆ ಡಿಬಿ ಜೀನು ಲೆಪ್ಟಿನನ್ನು ಗ್ರಹಿಸುವ ಗ್ರಾಹಕದ್ದೇ ಎಂದು ಸಿದ್ಧವಾದಾಗ ಕೋಲ್ಮನ್‌ರ ತರ್ಕ ಅಕ್ಷರಶಃ ನಿಜವಾಯಿತು. 2010ರಲ್ಲಿ ಕೋಲ್ಮನ್, ಫ್ರೀಡ್‌ಮನ್ ಇಬ್ಬರಿಗೂ ಲಾಸ್ಕರ್ ಪ್ರಶಸ್ತಿ ಬಂತು.

ಇಲಿಯ ಮಾತು ಮನುಷ್ಯರಿಗೆ ಅನ್ವಯಿಸುತ್ತದೆಯೆ ಎಂಬುದು ಮೊದಲ ಆಕ್ಷೇಪ. ನಮಗೆ ವಿವೇಕವಿದೆ, ಸಂಕಲ್ಪವಿದೆ, ಏಕಾದಶಿಯ ಉಪವಾಸ ಮಾಡಬಲ್ಲ ಜನ ನಾವು ಎಂದು ಯಾರಾದರೂ ಹೇಳಬಹುದು. 1997ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ ಸ್ಟೀಫನ್ ಓರಹಿಲಿ, ಸದಫ್ ಫಾರೂಕಿ ಮತ್ತು ಸಂಗಡಿಗರು ಇದಕ್ಕೆ ಉತ್ತರ ಕಂಡುಕೊಂಡರು. ಅವರು ಪರೀಕ್ಷಿಸಿದ್ದು ಒಂದೇ ಕುಟುಂಬದ ಇಬ್ಬರು ಮಕ್ಕಳನ್ನು. ಎಂಟು ವರ್ಷದ ಮಗುವಿನ ತೂಕ 86 ಕಿಲೊ, ಎರಡು ವರ್ಷದ ಮಗುವಿನದು 29 ಕಿಲೊ. ಇಬ್ಬರ ರಕ್ತದಲ್ಲೂ ಲೆಪ್ಟಿನ್ ಇರಲಿಲ್ಲವೆಂದೇ ಹೇಳಬೇಕು. ಹಿರಿಯ ಮಗುವಿಗೆ ದಿನವೂ ಲೆಪ್ಟಿನ್ ಚುಚ್ಚುಮದ್ದು ಕೊಟ್ಟಾಗ ಹಸಿವು ಇಳಿಯಿತು, ಒಂದು ವರ್ಷದಲ್ಲಿ 16 ಕಿಲೊ ತೂಕ ಕರಗಿತು. ಆ ಮಗುವಿಗೆ ಯಾರೂ ಸಂಯಮ ಬೋಧಿಸಲಿಲ್ಲ. ಇಲ್ಲದ ಹಾರ್ಮೋನು ಬಂದ ಕೂಡಲೆ, ಸಂಯಮವೆಂದು ನಾವು ಹೊಗಳುವ ಗುಣ ತಾನಾಗಿ ಕಾಣಿಸಿಕೊಂಡಿತು.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಇಂಥ ಮಕ್ಕಳು ತೀರ ವಿರಳ. ಸಾಮಾನ್ಯವಾಗಿ ದಪ್ಪಗಿರುವವರ ರಕ್ತದಲ್ಲಿ ಲೆಪ್ಟಿನ್ ಕಡಿಮೆಯಿರುವುದಿಲ್ಲ, ಹೆಚ್ಚೇ ಇರುತ್ತದೆ. ಅವರಿಗೆ ಅದನ್ನು ಚುಚ್ಚಿದಾಗ ಹೇಳಿಕೊಳ್ಳುವಂಥ ಫಲವೂ ಸಿಗಲಿಲ್ಲ. ಇದು ನಿಜ. ಆದರೆ ಇದರಿಂದ ಸಿದ್ಧವಾಗುವುದು ಸಂದೇಶ ಮಿದುಳಿಗೆ ಸರಿಯಾಗಿ ನಾಟುತ್ತಿಲ್ಲ ಎಂಬುದೇ ಹೊರತು ಹಸಿವು ಚಪಲವೆಂಬುದಲ್ಲ. ಲೆಪ್ಟಿನ್‌ನ ಮುಖ್ಯ ಕೆಲಸ ತೂಕ ಏರದಂತೆ ತಡೆಯುವುದಕ್ಕಿಂತ ಬರಗಾಲದ ಎಚ್ಚರಿಕೆ ಕೊಡುವುದು ಎಂದು ಈಗ ತಿಳಿದಿದೆ. ಕೊಬ್ಬು ಕರಗತೊಡಗಿದರೆ ಲೆಪ್ಟಿನ್ ಕುಸಿಯುತ್ತದೆ. ಮಿದುಳು ಅದನ್ನು ಕ್ಷಾಮವೆಂದು ಓದಿ ಹಸಿವನ್ನು ಕೆರಳಿಸುತ್ತದೆ, ಮೈ ಸುಡುವ ಶಕ್ತಿಯನ್ನು ಉಳಿತಾಯ ಮಾಡುತ್ತದೆ. 2011ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಅಧ್ಯಯನವೊಂದರಲ್ಲಿ, ಪಥ್ಯದಿಂದ ತೂಕ ಇಳಿಸಿದವರನ್ನು ಒಂದು ವರ್ಷದ ನಂತರ ನೋಡಿದಾಗಲೂ ಅವರ ಲೆಪ್ಟಿನ್ ತಗ್ಗೇ ಇತ್ತು, ಹಸಿವು ಹುಟ್ಟಿಸುವ ಗ್ರೆಲಿನ್ ಏರಿಯೇ ಇತ್ತು. ಇಳಿದ ತೂಕ ಮರಳಿ ಬಂದವರನ್ನು ಛಲವಿಲ್ಲದವರೆಂದು ಹಳಿಯುವ ನಾವು, ಅವರು ಹಗಲಿರುಳು ತಮ್ಮ ದೇಹದ ವಿರುದ್ಧವೇ ಹೋರಾಡಿದ್ದನ್ನು ಕಾಣುವುದಿಲ್ಲ.

ಜೀನುಗಳೇ ಕಾರಣವಾದರೆ ಅಜ್ಜ ಅಜ್ಜಿಯರ ಕಾಲದಲ್ಲಿ ಇಲ್ಲದ ಬೊಜ್ಜು ಈಗೇಕೆ ಎಂಬುದು ಮೂರನೆಯ ಪ್ರಶ್ನೆ. ಐವತ್ತು ವರ್ಷಗಳಲ್ಲಿ ಜೀನು ಬದಲಾಗುವುದಿಲ್ಲ; ಬದಲಾದದ್ದು ನಮ್ಮ ತಟ್ಟೆ, ನಮ್ಮ ಬೀದಿ, ನಮ್ಮ ದುಡಿಮೆ. ಆದರೆ ಒಂದೇ ಮಳೆಗೆ ಎಲ್ಲ ಮನೆಗಳೂ ಸಮನಾಗಿ ಸೋರುವುದಿಲ್ಲ. ಡೆನ್ಮಾರ್ಕಿನ ದತ್ತುಮಕ್ಕಳನ್ನು ಕುರಿತ 1986ರ ಅಧ್ಯಯನದಲ್ಲಿ ಬೆಳೆದವರ ಮೈಕಟ್ಟು ಹೋಲಿದ್ದು ಹೆತ್ತವರನ್ನು, ಉಣಿಸಿ ಸಾಕಿದವರನ್ನಲ್ಲ. ಮಳೆ ಸುರಿಸಿದ್ದು ಕಾಲ, ಎಲ್ಲಿ ಸೋರಬೇಕೆಂದು ಮೊದಲೇ ನಿರ್ಧರಿಸಿದ್ದು ಹುಟ್ಟು. ಎರಡರಲ್ಲಿ ಯಾವುದೂ ವ್ಯಕ್ತಿಯ ಆಯ್ಕೆಯಲ್ಲ.

ಮಧುಮೇಹದ ವಿಷಯದಲ್ಲೂ ಕೋಲ್ಮನ್ ನಮಗೆ ದಾರಿ ತೋರಿದ್ದಾರೆ. ಡಿಬಿ ದೋಷವನ್ನು ಅವರು ಎರಡು ಬೇರೆ ತಳಿಯ ಇಲಿಗಳಲ್ಲಿ ಇಟ್ಟು ನೋಡಿದರು. ಎರಡೂ ದಪ್ಪವಾದವು. ಒಂದು ತಳಿಯಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳು ಹೆಚ್ಚಿ ಸಕ್ಕರೆ ಹತೋಟಿಗೆ ಬಂತು. ಇನ್ನೊಂದರಲ್ಲಿ ಆ ಕೋಶಗಳು ನಶಿಸಿ ಮಧುಮೇಹ ಉಲ್ಬಣಿಸಿತು. ಬೊಜ್ಜು ಒಂದೇ, ಗತಿ ಬೇರೆ. ಸಣಕಲು ಮೈಯವರಿಗೂ ಸಕ್ಕರೆ ಕಾಯಿಲೆ ಬರುವ ನಮ್ಮ ನಾಡಿಗೆ ಈ ಪಾಠ ಬಹಳ ಮುಖ್ಯ. ಮೈಸೂರಿನ ಜನ ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೂ ಹುಟ್ಟಿದ ಮಕ್ಕಳ ತೂಕ, ಉದ್ದಗಳನ್ನು ಬರೆದಿಟ್ಟಿದ್ದರು. ಆ ಮಕ್ಕಳನ್ನು ನಡುವಯಸ್ಸಿಗೆ ಬಂದ ಮೇಲೆ ಹುಡುಕಿ ಪರೀಕ್ಷಿಸಿದಾಗ, ಹುಟ್ಟುವಾಗ ಉದ್ದ ಕಡಿಮೆಯಿದ್ದು ಅದಕ್ಕೆ ಹೋಲಿಸಿದರೆ ದುಂಡಗಿದ್ದವರಲ್ಲಿ, ಹೆಚ್ಚು ತೂಕದ ತಾಯಂದಿರ ಮಕ್ಕಳಲ್ಲಿ ಮಧುಮೇಹ ಹೆಚ್ಚೆಂದು ಕಂಡಿತು. ಅಂದರೆ ಈ ಕಾಯಿಲೆಯ ಬೇರು ಸ್ವಲ್ಪಮಟ್ಟಿಗೆ ಗರ್ಭದಲ್ಲೇ ಇಳಿದಿರುತ್ತದೆ. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಅಂದಾಜಿನಂತೆ ಭಾರತದಲ್ಲಿ ಹತ್ತು ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ. ಹತ್ತು ಕೋಟಿ ಜನರೂ ಸಂಯಮಹೀನರೆಂದು ನಂಬುವುದು ವಿಜ್ಞಾನವೂ ಅಲ್ಲ, ನ್ಯಾಯವೂ ಅಲ್ಲ.

ಕೊನೆಯ ಆಕ್ಷೇಪ ನೈತಿಕವಾದದ್ದು. ‘ತಪ್ಪು ನಿಮ್ಮದಲ್ಲ’ ಎಂದರೆ ಜನ ಪ್ರಯತ್ನ ಬಿಡುವುದಿಲ್ಲವೆ? ಪ್ರಯತ್ನಕ್ಕೆ ಫಲವಿದೆ ಎಂಬುದಕ್ಕೆ ಬಲವಾದ ಸಾಕ್ಷ್ಯಗಳಿವೆ. ಮಧುಮೇಹದ ಅಂಚಿನಲ್ಲಿದ್ದವರು ಊಟ, ನಡಿಗೆಗಳನ್ನು ತಿದ್ದಿಕೊಂಡಾಗ ಕಾಯಿಲೆಯ ಅಪಾಯ 58 ಪ್ರತಿಶತ ಇಳಿದದ್ದನ್ನು 2002ರ ಅಮೆರಿಕದ ಪ್ರಯೋಗವೂ, ಸುಮಾರು 28 ಪ್ರತಿಶತ ಇಳಿದದ್ದನ್ನು 2006ರಲ್ಲಿ ಪ್ರಕಟವಾದ ಭಾರತದ ಪ್ರಯೋಗವೂ ತೋರಿಸಿವೆ. ಆದರೆ ಆ ಪ್ರಯೋಗಗಳಲ್ಲಿ ಜನರಿಗೆ ಸಿಕ್ಕಿದ್ದು ಬೈಗುಳವಲ್ಲ. ಮತ್ತೆ ಮತ್ತೆ ವಿಚಾರಿಸಿ ಜೊತೆಗೆ ನಿಂತ ಸಲಹೆಗಾರರು. ಅಳುಕು ಹುಟ್ಟಿಸಿದರೆ ರೋಗಿ ಆಸ್ಪತ್ರೆಯಿಂದಲೇ ದೂರ ಉಳಿಯುತ್ತಾನೆ. ಹಸಿವು ಚಪಲವಲ್ಲವೆಂಬುದನ್ನು ಔಷಧಗಳೂ ತೋರಿಸುತ್ತಿವೆ. ಕರುಳಿನ ಜಿಎಲ್‌ಪಿ-1 ಹಾರ್ಮೋನನ್ನು ಅನುಕರಿಸುವ ಇಂದಿನ ಔಷಧಗಳು ಸಕ್ಕರೆಯನ್ನೂ ಹಸಿವನ್ನೂ ತಗ್ಗಿಸುತ್ತವೆ. ನಿಲ್ಲಿಸಿದರೆ ಹಸಿವೂ ತೂಕವೂ ಬಹುಪಾಲು ಮರಳುತ್ತವೆ. ರಕ್ತದೊತ್ತಡದ ಮಾತ್ರೆಯನ್ನು ಬಿಟ್ಟವರಿಗೆ ಒತ್ತಡ ಏರಿದರೆ ಅವರ ಚಾರಿತ್ರ್ಯವನ್ನು ನಾವು ಶಂಕಿಸುವುದಿಲ್ಲ. ಬೊಜ್ಜಿಗೂ ಅದೇ ನ್ಯಾಯ ಸಲ್ಲಬೇಕು.

ಆದ್ದರಿಂದ ಹೊಣೆ ಇಲ್ಲವಾಗುವುದಿಲ್ಲ, ಹಂಚಿಹೋಗುತ್ತದೆ. ಗರ್ಭಿಣಿಯ ಪೋಷಣೆ ಮತ್ತು ಸಕ್ಕರೆ ಪರೀಕ್ಷೆ, ಶಾಲೆಯ ಆಟದ ಬಯಲು, ನಡೆಯಲು ಜಾಗವಿರುವ ಬೀದಿ, ಬಡವರ ಕೈಗೆಟಕುವ ಔಷಧ ಇವೆಲ್ಲ ಸಮಾಜದ ಪಾಲು. ತನ್ನಿಂದಾದಷ್ಟು ಪಥ್ಯ, ನಡಿಗೆ ರೋಗಿಯ ಪಾಲು. ಆ ಪಾಲನ್ನು ನಡೆಸುವಾಗ ಅವರಿಗೆ ಎಷ್ಟು ಕಷ್ಟವಾಗುತ್ತದೆಂಬುದನ್ನು ನಂಬುವುದು ನಮ್ಮ ಪಾಲು. ಮುಂದೆ ‘ಬಾಯಿ ಕಟ್ಟು’ ಎನ್ನುವ ಮೊದಲು, ‘ಹಸಿವು ಹೇಗಿದೆ?’ ಎಂದು ಕೇಳುವುದನ್ನು ವೈದ್ಯರೂ ಮನೆಯವರೂ ರೂಢಿಸಿಕೊಳ್ಳಲಿ ಎಂದು ಕೋರುತ್ತ ನನ್ನ ಮಾತು ಮುಗಿಸುತ್ತೇನೆ.