ಹೆಪ್ಪು ಸಾಲದ ನೆತ್ತರು



ಹಾಲುಹಲ್ಲು ಬಿದ್ದರೆ ಎಷ್ಟು ಹೊತ್ತು ನೆತ್ತರು ಬರ್ತದೆ? ಬಾಯಿ ಮುಕ್ಕಳಿಸಿದರೆ ಮುಗೀತು. ಹಲ್ಲನ್ನು ಮಾಡಿನ ಮೇಲೆ ಎಸೆದು ಮಾಣಿ ಆಡಲಿಕ್ಕೆ ಓಡ್ತಾನೆ. ನಮ್ಮಲ್ಲಿ ಒಬ್ಬರ ಮಗನಿಗೆ ಮೂರು ದಿನವಾದರೂ ನೆತ್ತರು ನಿಲ್ಲಲಿಲ್ಲ. ತಲೆದಿಂಬು ಕೆಂಪಾಯಿತು. ನಾಲ್ಕನೇ ದಿನ ಮಗು ಸುಣ್ಣದ ಹಾಗೆ ಬಿಳುಚಿಕೊಂಡಿತು. ಇನ್ನೊಬ್ಬರ ಮಗನಿಗೆ ಅಂಬೆಗಾಲು ಇಡುವಾಗಲೇ ಮೊಣಕಾಲಿನ ಗಂಟು ಊದಿತು. ಮತ್ತೊಬ್ಬರ ಮಗನಿಗೆ ಜ್ವರ ಅಂತ ಸೊಂಟಕ್ಕೆ ಇಂಜೆಕ್ಷನ್ ಕೊಟ್ಟರು. ತೊಡೆವರೆಗೂ ಊದಿ ಕಪ್ಪಾಯಿತು.

ಮೂವರಿಗೂ ಒಂದೇ ಕಾಯಿಲೆ. ಅದರ ಹೆಸರು ಹಿಮೋಫಿಲಿಯಾ. ಕನ್ನಡದಲ್ಲಿ ಕುಸುಮ ರೋಗ ಅಂತಾರೆ. ಇದರಲ್ಲಿ ಹೆಚ್ಚಾಗಿ ಕಾಣುವ ಬಗೆ ಸುಮಾರು 5,000 ಗಂಡು ಮಕ್ಕಳಲ್ಲಿ ಒಬ್ಬನಿಗೆ ಇರುತ್ತದೆ.

ಈ ಮೂರೂ ಮನೆಯವರು ಸೇರಿ ನಾವು ಒಂದು ಶಿಬಿರಕ್ಕೆ ಹೋಗಿ ಬಂದೆವು. ಶನಿವಾರ, ಆದಿತ್ಯವಾರ ಎರಡು ದಿನ. ಗಂಡ, ಹೆಂಡತಿ, ಮಕ್ಕಳು, ಅಜ್ಜಿ ಎಲ್ಲರೂ ಬನ್ನಿ ಅಂತ ಕರೆದಿದ್ದರು. ಕುಂದಾಪುರದಿಂದ ಬಸ್ಸು ಹತ್ತಿ, ಸಿದ್ದಾಪುರ ದಾಟಿ, ಬಾಳೆಬರೆ ಘಾಟಿ ಏರಿದೆವು. ತಿರುವಿನಲ್ಲಿ ಕಂಬಿ ತಾಗಬಾರದು ಅಂತ ಮಕ್ಕಳ ಸುತ್ತ ತಲೆದಿಂಬು ಇಟ್ಟಿದ್ದೆವು. ಒಬ್ಬರ ಗಂಡ ಬೆಂಗಳೂರಿನ ಹೋಟೆಲಿಗೆ ರಜೆ ಹಾಕಿ ನೇರ ಅಲ್ಲಿಗೇ ಬಂದರು. ಏಳು ವರ್ಷದಲ್ಲಿ ಅವರು ಮಗನ ಕಾಯಿಲೆಯ ಬಗ್ಗೆ ಡಾಕ್ಟರ ಹತ್ತಿರ ಕೂತು ಕೇಳಿದ್ದು ಅದೇ ಮೊದಲು.

ಅಲ್ಲಿನ ಡಾಕ್ಟರಮ್ಮ ಮೊದಲು ಒಂದು ಮಾತು ಕೇಳಿದರು. "ಹಾಲಿಗೆ ಹೆಪ್ಪು ಹಾಕದಿದ್ದರೆ ಏನಾಗ್ತದೆ?" ಮೊಸರಾಗುವುದಿಲ್ಲ ಅಂದೆವು. "ನೆತ್ತರೂ ಹಾಗೆ. ಗಾಯವಾದರೆ ಅದು ಹೆಪ್ಪುಗಟ್ಟಬೇಕು. ಅದಕ್ಕೆ ನೆತ್ತರಿನಲ್ಲೇ ಬೇರೆ ಬೇರೆ ಅಂಶಗಳಿವೆ. ಅವನ್ನು ಫ್ಯಾಕ್ಟರ್ ಅಂತಾರೆ. ಈ ಮಕ್ಕಳಲ್ಲಿ ಎಂಟನೆಯ ಫ್ಯಾಕ್ಟರ್ ಸಾಲದು. ಕೆಲವರಲ್ಲಿ ಒಂಬತ್ತನೆಯದು ಸಾಲದು."

ನೆತ್ತರು ಜೋರಾಗಿ ಹರಿಯುತ್ತದೆ ಅಂತಲ್ಲ. ತುಂಬ ಹೊತ್ತು ನಿಲ್ಲುವುದಿಲ್ಲ, ಅಷ್ಟೆ. ಹೊರಗಿನ ಗಾಯಕ್ಕಿಂತ ಒಳಗಿನದ್ದೇ ಹೆಚ್ಚು ಕಷ್ಟ. ಮೊಣಕಾಲು, ಮೊಣಕೈ, ಪಾದದ ಗಂಟುಗಳ ಒಳಗೆ ನೆತ್ತರು ಸೋರಿ ತುಂಬಿಕೊಳ್ಳುತ್ತದೆ. ಮತ್ತೆ ಮತ್ತೆ ಹೀಗಾದರೆ ಗಂಟು ಸವೆದು ಕಾಲು ಮಡಚಿದಲ್ಲೇ ನಿಂತುಬಿಡುತ್ತದೆ.

ಗಂಡು ಮಕ್ಕಳಿಗೇ ಯಾಕೆ? ಡಾಕ್ಟರಮ್ಮ ಎರಡು ಹುಣಸೆ ಬೀಜ ತಂದಿದ್ದರು. ಒಂದು ಹಾಗೇ ಇತ್ತು. ಇನ್ನೊಂದನ್ನು ತಿಕ್ಕಿ ಬಿಳಿ ಮಾಡಿದ್ದರು. ಹೆಣ್ಣಿನಲ್ಲಿ ಇಂಥ ಎರಡು ಇರುತ್ತವೆ. ಒಂದು ಕೆಟ್ಟರೆ ಇನ್ನೊಂದು ಕೆಲಸ ನಡೆಸುತ್ತದೆ. ಗಂಡಿನಲ್ಲಿ ಇರುವುದು ಒಂದೇ. ಅದು ತಾಯಿಯಿಂದ ಬಂದದ್ದು. ಅದೇ ಕೆಟ್ಟದ್ದಾದರೆ ಬದಲಿಗೆ ಬೇರೆ ಇಲ್ಲ.

ಆಮೇಲೆ ಎರಡೂ ಬೀಜ ಮುಷ್ಟಿಯಲ್ಲಿ ಕುಲುಕಿ, "ಕಣ್ಣು ಮುಚ್ಚಿ ಒಂದು ತೆಗಿ" ಅಂದರು. ನಮ್ಮವರೊಬ್ಬರು ತೆಗೆದರು. ಬಿಳಿಯದು ಬಂತು. ಬೀಜ ತಿರುಗಿ ಹಾಕಿ ಮತ್ತೆ ತೆಗೆಸಿದರು. ಮತ್ತೆ ಬಿಳಿಯದೇ. ಪ್ರತಿ ಬಸುರಿನಲ್ಲೂ ಹೀಗೆ ಹೊಸದಾಗಿ ತೆಗೆದ ಹಾಗೆ. ಗಂಡು ಮಗುವಾದರೆ ಕಾಯಿಲೆ ಬರುವುದು, ಬಾರದಿರುವುದು ಅರ್ಧಕ್ಕರ್ಧ. ಮೊದಲನೆಯವನಿಗೆ ಬಂದಿದೆ, ಇನ್ನು ಎರಡನೆಯವನಿಗೆ ಬರಲಿಕ್ಕಿಲ್ಲ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹೆಣ್ಣು ಮಗುವಾದರೆ ಅವಳೂ ಬಿಳಿ ಬೀಜ ಹೊತ್ತಿರುವುದು ಅರ್ಧಕ್ಕರ್ಧ. ಮೂರರಲ್ಲಿ ಒಂದು ಪಾಲು ಮನೆಗಳಲ್ಲಿ ಹಿಂದೆ ಯಾರಿಗೂ ಇರುವುದಿಲ್ಲ. ಹೊಸದಾಗಿಯೇ ಶುರುವಾಗುತ್ತದೆ.

ನಮ್ಮಲ್ಲಿ ಒಬ್ಬರಿಗೆ ಮನೆಯಲ್ಲಿ ದಿನಾ ಒಂದೇ ಮಾತು. "ನಿನ್ನ್ ತವರಿನ ದೋಷ ನಮ್ಮನಿಗೆ ಬಂತ್." ಅವರ ಅತ್ತೆಯೂ ಶಿಬಿರಕ್ಕೆ ಬಂದಿದ್ದರು. ಬೀಜ ನೋಡಿದ್ದೇ ಅತ್ತೆ ಅಂದರು, "ಕಾಣಿ, ನಾ ಹೇಳಿದ್ದೇ ಸರಿ ಆಯ್ತಲ್ದಾ?" ಡಾಕ್ಟರಮ್ಮ ಮೆಲ್ಲ ಹೇಳಿದರು, "ತಾಯಿಯಿಂದ ಬಂದದ್ದು ಹೌದು. ತಾಯಿ ಮಾಡಿದ್ದಲ್ಲ. ಯಾವ ಬೀಜ ಕೊಡಬೇಕು ಅಂತ ಅವಳನ್ನು ಯಾರು ಕೇಳಿದ್ದರು?"

ಆಗ ಮೂಲೆಯಲ್ಲಿ ಕೂತಿದ್ದ ಅಮ್ಮಮ್ಮ, ಆ ಸೊಸೆಯ ತಾಯಿ, ಬಾಯಿ ಬಿಟ್ಟರು. "ನನ್ನ್ ತಮ್ಮ ಗೇರು ಮರದಿಂದ ಬಿದ್ದಿದ್ದ. ತಲಿಗೆ ಪೆಟ್ಟು. ಗಾಯ ಎಂತದೂ ಇರ್ಲಿಲ್ಲೆ. ಮಾರನೇ ದಿನ ತೀರ್ಕೊಂಡ. ಯಾರೋ ಮಾಟ ಮಾಡಿದ್ರ್ ಅಂದ್ರ್. ಪಕ್ಕದ ಮನೆಯವ್ರ ಹತ್ರ ನಾವ್ ಇವತ್ತಿಗೂ ಮಾತಾಡೂದಿಲ್ಲೆ."

ಯಾರೂ ಮಾತಾಡಲಿಲ್ಲ. ಅತ್ತೆಯ ಮನಸ್ಸು ಪೂರ್ತಿ ಬದಲಾಯಿತು ಅಂತ ನಾವು ಹೇಳುವುದಿಲ್ಲ. ತವರಿನ ದೋಷ ಅನ್ನುವ ಮಾತು ಮಾತ್ರ ಆಮೇಲೆ ಆ ಮನೆಯಲ್ಲಿ ಕೇಳಿಲ್ಲ.

ಆದಿತ್ಯವಾರ ಕೈಕೆಲಸ ಕಲಿಸಿದರು. ಗಂಟು ಊದಿದರೆ ನಾವು ಏನು ಮಾಡ್ತಿದ್ದೆವು? ಎಣ್ಣೆ ಹಚ್ಚಿ ತಿಕ್ಕುತ್ತಿದ್ದೆವು. ತಿಕ್ಕಿದಷ್ಟೂ ಒಳಗೆ ನೆತ್ತರು ಹೆಚ್ಚು. ಪ್ರೀತಿಯಿಂದಲೇ ಮಾಡಿದ್ದು, ಆದರೆ ತಪ್ಪು. ತಿಕ್ಕಬಾರದು, ಬಿಸಿ ಕೊಡಬಾರದು. ಮಗುವನ್ನು ಆಡಲು ಬಿಡದೆ ಮಲಗಿಸಿ. ಐಸನ್ನು ಬಟ್ಟೆಯಲ್ಲಿ ಸುತ್ತಿ ಗಂಟಿನ ಮೇಲಿಡಿ. ಬರೀ ಐಸು ಚರ್ಮಕ್ಕೆ ತಾಗಿಸಬೇಡಿ. ಪಟ್ಟಿ ಸುತ್ತಿ, ಕಾಲನ್ನು ದಿಂಬಿನ ಮೇಲೆ ಎತ್ತರಕ್ಕಿಡಿ. ಗಂಗೊಳ್ಳಿ ಬಂದರಿನ ಹತ್ತಿರದವರಿಗೆ ಐಸಿಗೇನೂ ಬರಗಾಲ ಇಲ್ಲ ಬಿಡಿ!

ಇದು ದಾರಿ ಮೇಲಿನ ಉಪಚಾರ ಮಾತ್ರ. ನಿಜವಾದ ಮದ್ದು ಫ್ಯಾಕ್ಟರ್. ಅದು ಸಣ್ಣ ಬಾಟಲಿಯಲ್ಲಿ ಪುಡಿಯಾಗಿ ಬರುತ್ತದೆ. ನೀರಿನಲ್ಲಿ ಕರಗಿಸಿ ನರಕ್ಕೆ ಕೊಡುತ್ತಾರೆ. ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು. ಹೊರಗೆ ಕೊಂಡರೆ ಬೆಲೆ ಬಹಳ. ಸರಕಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಉಚಿತವಾಗಿ ಕೊಡುವ ಏರ್ಪಾಡಿದೆ. ನಮ್ಮ ಜಿಲ್ಲೆಗೆ ಅದು ಉಡುಪಿಯ ಅಜ್ಜರಕಾಡಿನಲ್ಲಿದೆ. ಹೊರಡುವ ಮೊದಲು ಫೋನು ಮಾಡಿ, ಮದ್ದು ಇದೆಯಾ ಕೇಳಿ.

ಹಿಂದೆ ಇದೂ ಇರಲಿಲ್ಲ. ಮೈಗೆ ನೆತ್ತರು ಏರಿಸುತ್ತಿದ್ದರು. ಅದರಲ್ಲಿ ಬೇಕಾದ ಅಂಶ ಸ್ವಲ್ಪವೇ. 1964ರಲ್ಲಿ ಅಮೆರಿಕದ ಜುಡಿತ್ ಪೂಲ್ ಎಂಬ ಹೆಂಗಸು ಒಂದು ದಾರಿ ಕಂಡುಹಿಡಿದರು. ನೆತ್ತರಿನ ತಿಳಿಯನ್ನು ಹೆಪ್ಪುಗಟ್ಟಿದ ಮಂಜಿನಂತೆ ಮಾಡಿ, ಮೆಲ್ಲ ಕರಗಿಸಿದರೆ ಅಡಿಯಲ್ಲಿ ಗಸಿ ಉಳಿಯುತ್ತದೆ. ಎಂಟನೆಯ ಫ್ಯಾಕ್ಟರ್ ಆ ಗಸಿಯಲ್ಲೇ ಇತ್ತು!

ತಲೆಗೆ ಪೆಟ್ಟಾದರೆ ನೆತ್ತರು ಕಾಣದಿದ್ದರೂ ಕಾಯಬೇಡಿ. ಅಮ್ಮಮ್ಮನ ತಮ್ಮನ ಕತೆ ಕೇಳಿದಿರಲ್ಲ. ಐಸಿಗೂ ಕೂರಬೇಡಿ, ಕೂಡಲೇ ಹೊರಡಿ. ನೋವಿಗೆ ಅಂಗಡಿಯ ಮಾತ್ರೆ ಕೊಡಬೇಡಿ. ಆಸ್ಪಿರಿನ್ ಈ ಮಕ್ಕಳಿಗೆ ಕೂಡದು. ಸೊಂಟದ ಇಂಜೆಕ್ಷನ್ ಬೇಡ ಅಂತ ಬಾಯಿಬಿಟ್ಟು ಹೇಳಿ. ಹಾಗಂತ ಲಸಿಕೆ ಬಿಡಬೇಡಿ. ಕಾಯಿಲೆ ಇದೆ ಅಂತ ಮೊದಲೇ ತಿಳಿಸಿದರೆ ಸಣ್ಣ ಸೂಜಿಯಲ್ಲಿ ಚರ್ಮದ ಅಡಿಗೆ ಕೊಡ್ತಾರೆ.

ಅಲ್ಲಿ ಹನ್ನೊಂದು ವರ್ಷದ ಹುಡುಗನೊಬ್ಬ ತನ್ನ ಕೈಗೆ ತಾನೇ ಸೂಜಿ ಹಾಕಿಕೊಂಡ. ನಾವು ಕಣ್ಣು ಮುಚ್ಚಿಕೊಂಡೆವು. ಅವನು ನಮ್ಮನ್ನು ನೋಡಿ ನಗುತ್ತಿದ್ದ. ದಾವಣಗೆರೆಯ ಡಾಕ್ಟರ್ ಸುರೇಶ್ ಹನಗವಾಡಿ ಅವರ ವಿಷಯವೂ ಅಲ್ಲೇ ತಿಳಿಯಿತು. ಅವರಿಗೂ ಇದೇ ಕಾಯಿಲೆ. ಆದರೂ ಓದಿ ಡಾಕ್ಟರಾದರು. ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ಕಟ್ಟಿದರು. ಅದನ್ನು ಕೇಳಿದ ಮೇಲೆ, ಶಾಲೆ ಬಿಡಿಸಿದ್ದ ಮಗನನ್ನು ನಮ್ಮಲ್ಲಿ ಒಬ್ಬರು ಮತ್ತೆ ಶಾಲೆಗೆ ಸೇರಿಸಿದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಈ ಕಾಯಿಲೆಯೂ ಸೇರಿದೆ. ಪ್ರಮಾಣಪತ್ರ ಕೇಳಿ ಮಾಡಿಸಿಕೊಳ್ಳಿ.

ಇನ್ನೊಂದು ಮಾತು. ಇದನ್ನು ಗಂಡಸರನ್ನು ಹೊರಗೆ ಕಳಿಸಿ ಹೇಳಿದರು. ಬಿಳಿ ಬೀಜ ಹೊತ್ತ ಕೆಲವು ಹೆಂಗಸರಿಗೂ ಫ್ಯಾಕ್ಟರ್ ಕಡಿಮೆ ಇರುತ್ತದೆ. ಮುಟ್ಟಿನಲ್ಲಿ ವಿಪರೀತ ಹೋಗುತ್ತದೆ. ಹೆರಿಗೆಯ ಮೇಲೆ ಸ್ರಾವ ನಿಲ್ಲುವುದಿಲ್ಲ. ನಮ್ಮಲ್ಲಿ ಇಬ್ಬರು ಮುಖ ಮುಖ ನೋಡಿಕೊಂಡೆವು. ಹೆಂಗಸರಿಗೆ ಇದೆಲ್ಲ ಇದ್ದದ್ದೇ ಅಂತ ಇಷ್ಟು ವರ್ಷ ಸಹಿಸಿದ್ದೆವು. ಈಗ ಪರೀಕ್ಷೆ ಮಾಡಿಸಿದ್ದೇವೆ. ಹೆಣ್ಣುಮಕ್ಕಳಿಗೂ ಮಾಡಿಸಿದ್ದೇವೆ. ಬಸುರಿಯಾದರೆ ಡಾಕ್ಟರಿಗೆ ಮೊದಲೇ ಹೇಳಬೇಕು.

ಬರುವಾಗ ಒಂದೊಂದು ಪುಸ್ತಕ ಕೊಟ್ಟರು. ಯಾವ ದಿನ, ಯಾವ ಗಂಟು, ಎಷ್ಟು ಮದ್ದು, ಎಲ್ಲ ಬರೆಯಬೇಕು. ನಮ್ಮಲ್ಲಿ ಒಬ್ಬರು ನಿಮ್ಮ ಹಾಗೆಯೇ ಈಚೆಗೆ ಅಕ್ಷರ ಕಲಿತವರು. "ಎಡ ಮೊಣಕಾಲು" ಅಂತ ಬರೆಯಲು ಅವರಿಗೆ ಕಾಲು ಗಂಟೆ ಹಿಡಿಯಿತು. ಮುಂದಿನ ಸಲ ಆಸ್ಪತ್ರೆಯಲ್ಲಿ ಡಾಕ್ಟರು ಆ ಪುಸ್ತಕ ನೋಡಿಯೇ ಮದ್ದಿನ ಲೆಕ್ಕ ಹಾಕಿದರು.

ಪುಸ್ತಕ ಇಲ್ಲೇ ಇದೆ, ನೋಡಿ. ಐಸೂ ತಂದಿದ್ದೇವೆ. ಕರಗುವ ಮೊದಲು ಪಟ್ಟಿ ಕಟ್ಟುವುದು ತೋರಿಸ್ತೇವೆ. ಯಾರಾದರೂ ಒಬ್ಬರು ಮುಂದೆ ಬಂದು ಕಾಲು ನೀಡಿ ಕೂತುಕೊಳ್ಳಿ.